ಕೆಲಸಕ್ಕೆ ಹೋಗೋ ದಾರಿ ಯಾವ ಲೆಕ್ಕದಲ್ಲಿದೆ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಆಡಿದ ಮಾತಿನ ಬರಹ)





ನಮ್ಮ ಸಂಘದ ಹುಡುಗರು ಈ ವರ್ಷ ಒಂದು ಅರ್ಜಿ ಬರೆಯಲು ಹೊರಟಿದ್ದಾರೆ. ಕಾಲೋನಿಯ ಹತ್ತಿರಕ್ಕೇ ಬಂದು ನಿಲ್ಲುವ, ಬೆಳಗ್ಗೆ ಐದು ಗಂಟೆಗೆ ಹೊಸೂರಿಗೆ ಹೊರಡುವ ಒಂದು ಟೌನ್ ಬಸ್ ಬೇಕು ಅಂತ. ಅರ್ಜಿಯಲ್ಲಿ "ದಿನಾ ಇಷ್ಟು ಜನ ಕೆಲಸಕ್ಕೆ ಹೋಗಿ ಬರುತ್ತಾರೆ" ಅನ್ನುವ ಸಾಲು ಒಂದಿದೆ. ಆ "ಇಷ್ಟು" ಅನ್ನೋ ಜಾಗ ಇನ್ನೂ ಖಾಲಿ. ಅಲ್ಲಿ ಯಾವ ಸಂಖ್ಯೆ ಹಾಕೋದು, ಎಲ್ಲಿಂದ ತರೋದು ಅಂತ ಕೇಳಿದರು. ಅದಕ್ಕೇ ಇವತ್ತಿನ ಈ ಮಾತು. ಗಣಿತದ ಪಾಠ ಮಾಡಲ್ಲ, ಹೆದರಬೇಡಿ.

ಯಾರು ಯಾವ ಊರಿಂದ ಯಾವ ಊರಿಗೆ ಕೆಲಸಕ್ಕೆ ಹೋಗ್ತಾರೆ ಅಂತ ಬರೆದಿಟ್ಟ ಒಂದು ದೊಡ್ಡ ಪುಸ್ತಕ ಸರ್ಕಾರದ ಹತ್ತಿರ ಇದೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಂಥ ಒಂದು ಪುಸ್ತಕ ಇಲ್ಲ. ಹಲವು ಪುಸ್ತಕ ಇವೆ. ಜನಗಣತಿಯದು ಒಂದು, ಮಾದರಿ ಸಮೀಕ್ಷೆಯದು ಒಂದು, ಬಸ್ ಟಿಕೆಟ್ಟಿನದು ಒಂದು, ರೈಲ್ವೆ ಪಾಸಿನದು, ಪಿಎಫ್ ಖಾತೆಯದು, ಟೋಲ್ ಗೇಟಿನದು, ಮೊಬೈಲ್ ಟವರಿನದು. ಒಂದೊಂದೂ ಒಂದೊಂದು ಪ್ರಶ್ನೆ ಕೇಳಿ ಬರೆದದ್ದು. ಆದ್ದರಿಂದ ಒಂದರ ಉತ್ತರ ಇನ್ನೊಂದಕ್ಕೆ ಹೊಂದೋದಿಲ್ಲ. ನಾವು ನೋಡಬೇಕಾದ್ದು ಯಾವ ಪುಸ್ತಕ ನಮ್ಮವರನ್ನು ಯಾವ ಜಾಗದಲ್ಲಿ ಬಿಟ್ಟುಬಿಡುತ್ತೆ ಅನ್ನೋದನ್ನ.

ಒಂದು ಮನೆ ಇದೆ ಅಂತ ಇಟ್ಟುಕೊಳ್ಳಿ. ನಾನು ಮಾತಿಗೆ ಕಟ್ಟಿಕೊಂಡ ಮನೆ ಅದು. ಇಂಥವು ನಿಮ್ಮ ಬೀದಿಯಲ್ಲಿ ಎಷ್ಟಿವೆ ನೀವೇ ಎಣಿಸಿ. ತಳಿ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಒಂದು ಕಾಲೋನಿ. ಮನೆಯಲ್ಲಿ ಕೆಲಸಕ್ಕೆ ಹೋಗೋರು ಮೂರು ಜನ. ಸೊಸೆ ಬೊಮ್ಮಸಂದ್ರದ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್, ಕಾಂಟ್ರಾಕ್ಟಿನಲ್ಲಿ. ಕತ್ತಲೆಯಲ್ಲಿ ರಸ್ತೆವರೆಗೆ ನಡೀತಾಳೆ, ಟೌನ್ ಬಸ್ಸಲ್ಲಿ ಹೊಸೂರು, ಅಲ್ಲಿಂದ ಸಿಕ್ಕಿದ ಗಾಡಿಯಲ್ಲಿ ಅತ್ತಿಬೆಲೆ, ಅತ್ತಿಬೆಲೆಯಿಂದ ಬಿಎಂಟಿಸಿ. ಗಂಡ ಹೊಸೂರಿನ ಸಿಪ್‌ಕಾಟ್‌ನಲ್ಲಿ, ಕಂಪನಿ ಬಸ್ಸು ರಸ್ತೆಗೆ ಬಂದು ಹತ್ತಿಸಿಕೊಳ್ಳುತ್ತೆ. ಅತ್ತೆ ಟೊಮೇಟೊ ತೋಟಕ್ಕೋ ರಾಗಿ ಹೊಲಕ್ಕೋ ಕಳೆ ಕೀಳೋಕೆ ಹೋಗ್ತಾಳೆ. ಮೂರು ಕಿಲೋಮೀಟರ್ ನಡಿಗೆ. ದೂರದ ತೋಟ ಆದರೆ ಮೇಸ್ತ್ರಿಯ ಟಾಟಾ ಏಸ್‌ನಲ್ಲಿ ಹದಿನೈದು ಜನರ ಜೊತೆ ನಿಂತುಕೊಂಡು. ಈ ಮೂವರನ್ನೂ ಒಂದೊಂದು ಪುಸ್ತಕದಲ್ಲಿ ಹುಡುಕೋಣ.

ಮೊದಲು ಜನಗಣತಿ. ಎಲ್ಲಕ್ಕಿಂತ ದೊಡ್ಡದು, ಪ್ರತಿ ಮನೆಗೂ ಬರುವಂಥದ್ದು. 2011ರ ಗಣತಿಯಲ್ಲಿ ಕೆಲಸದ ಜಾಗಕ್ಕೆ ಹೋಗುವ ಪ್ರಶ್ನೆ ಇತ್ತು. ಎರಡೇ ಮಾತು: ಹೋಗೋ ದಾರಿ ಎಷ್ಟು ಕಿಲೋಮೀಟರ್, ಯಾವುದರಲ್ಲಿ ಹೋಗ್ತೀರಿ. ನಡಿಗೆ, ಸೈಕಲ್, ಬೈಕು, ಕಾರು, ಆಟೋ-ಟೆಂಪೋ, ಬಸ್ಸು, ರೈಲು ಅಂತ ಸಂಖ್ಯೆಗಳಿದ್ದವು, ಅದರಲ್ಲಿ ಒಂದನ್ನು ಬರೆಯಬೇಕು. ಸರಿ, ಒಳ್ಳೇ ಪ್ರಶ್ನೆ. ಆದರೆ ಯಾರನ್ನು ಕೇಳಿದರು?

ಗಣತಿಯವರು ಕೆಲಸಗಾರರನ್ನು ನಾಲ್ಕು ಭಾಗ ಮಾಡ್ತಾರೆ. ಬೇಸಾಯಗಾರ, ಬೇಸಾಯದ ಕೂಲಿ, ಮನೆ ಕಸುಬಿನವರು, ಉಳಿದವರೆಲ್ಲ "ಇತರ ಕೆಲಸಗಾರರು". ಪ್ರಯಾಣದ ಪ್ರಶ್ನೆ ಈ ಕೊನೆಯವರಿಗೆ ಮಾತ್ರ. 2011ರಲ್ಲಿ ದೇಶದಲ್ಲಿ ಕೆಲಸಗಾರರು ಸುಮಾರು 48 ಕೋಟಿ. "ಇತರ ಕೆಲಸಗಾರರು" 20 ಕೋಟಿ. ಮಿಕ್ಕ 28 ಕೋಟಿ ಜನರನ್ನು ನೀವು ಕೆಲಸಕ್ಕೆ ಹೇಗೆ ಹೋಗ್ತೀರಿ ಅಂತ ಕೇಳಲೇ ಇಲ್ಲ. ಅದರಲ್ಲಿ ಬೇಸಾಯದ ಕೂಲಿಗಳೇ 14 ಕೋಟಿ ಮೀರಿದ್ದರು. ಇಡೀ ದೇಶದ ಕೆಲಸಗಾರರಲ್ಲಿ ಬೇಸಾಯದ ಕೂಲಿಗಳು ನೂರಕ್ಕೆ ಮೂವತ್ತು. ನಮ್ಮ ಜನರಲ್ಲಿ ಆ ಪಾಲು ಅದಕ್ಕಿಂತ ಬಹಳ ಹೆಚ್ಚು. ಅಂದರೆ ಅತ್ತೆ ಈ ಪುಸ್ತಕದಲ್ಲಿ ಕೆಲಸಗಾರ್ತಿ ಅಂತ ಇದ್ದಾಳೆ, ಆದರೆ ಅವಳ ಕೆಲಸಕ್ಕೆ ದಾರಿ ಇಲ್ಲ. ಹಾಸಿಗೆಯಿಂದ ಎದ್ದರೆ ಹೊಲದಲ್ಲೇ ಇರ್ತಾಳೆ ಅನ್ನೋ ಹಾಗೆ. ಸ್ವಂತ ಹೊಲದ ಪಕ್ಕದಲ್ಲೇ ಮನೆ ಇರೋ ರೈತನಿಗೆ ಅದು ನಿಜವಿರಬಹುದು. ಹೊಲವೇ ಇಲ್ಲದೆ, ಊರ ಹೊರಗೆ ಮನೆ ಇಟ್ಟುಕೊಂಡು, ಕೆಲಸ ಎಲ್ಲಿ ಇರುತ್ತೋ ಅಲ್ಲಿಗೆ ಹೋಗೋರಿಗೆ ಅದು ನಿಜ ಆಗೋದು ಹೇಗೆ?

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ನೀಲಗಿರಿಯಲ್ಲಿ ಟೀ ತೋಟದ ಕೆಲಸಕ್ಕೆ ಹೋಗುವ ನಮ್ಮ ನೆಂಟರು ಗಣತಿಯ ಪ್ರಕಾರ ಬೇಸಾಯದ ಕೂಲಿ ಅಲ್ಲ. ಟೀ, ಕಾಫಿ, ರಬ್ಬರ್ ಬೆಳೆಗಳನ್ನು ಬೇಸಾಯದ ಲೆಕ್ಕದಿಂದ ಹೊರಗಿಟ್ಟಿದ್ದಾರೆ, ಆದ್ದರಿಂದ ತೋಟದ ಕೆಲಸಗಾರರು "ಇತರ"ದಲ್ಲಿ ಬರ್ತಾರೆ. ಅವರು ನಡೆದ ಕಿಲೋಮೀಟರ್ ಲೆಕ್ಕಕ್ಕೆ ಸಿಗುತ್ತೆ. ತಾಳವಾಡಿಯಲ್ಲಿ ರಾಗಿ ಕೊಯ್ಯೋಕೆ ಹೋಗುವವರದು ಸಿಗಲ್ಲ. ಇಬ್ಬರ ಪಾದದಲ್ಲೂ ಒಂದೇ ಥರದ ಬಿರುಕು.

ಸೊಸೆ? ಅವಳು "ಇತರ ಕೆಲಸಗಾರರು", ಸಿಗ್ತಾಳೆ. ಆದರೆ ಒಂದೇ ಸಂಖ್ಯೆ ಬರೆಯೋದರಿಂದ "ಬಸ್ಸು" ಅಂತ ಒಂದು ಗುರುತು ಬೀಳುತ್ತೆ. ಕತ್ತಲೆಯಲ್ಲಿ ನಡೆದ ಎರಡು ಕಿಲೋಮೀಟರ್ ಅಲ್ಲೇ ಮಾಯ. ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳಲ್ಲ. ಎಲ್ಲಿಗೆ ಹೋಗ್ತೀಯ ಅಂತಲೂ ಕೇಳಲ್ಲ. ಇದನ್ನ ಗಡಿಯವರಾದ ನಾವು ಚೆನ್ನಾಗಿ ನೆನಪಿಡಬೇಕು. ಹೊಸೂರಿಂದ ದಿನಾ ಅತ್ತಿಬೆಲೆ ದಾಟಿ ಕರ್ನಾಟಕಕ್ಕೆ ಕೆಲಸಕ್ಕೆ ಹೋಗೋರು ಎಷ್ಟು ಅಂತ 2011ರ ಗಣತಿಯಲ್ಲಿ ಹುಡುಕಿದರೆ ಸಿಗೋದಿಲ್ಲ, ಯಾಕೆಂದರೆ ಆ ಪ್ರಶ್ನೆಯೇ ಇಲ್ಲ. ಅವಳು ಮೂವತ್ತೊಂದರಿಂದ ಐವತ್ತು ಕಿಲೋಮೀಟರ್ ಅನ್ನೋ ಕಾಲಂನಲ್ಲಿ ಇದ್ದಾಳೆ, ಅಷ್ಟೇ. ಆ ದೂರ ಕೃಷ್ಣಗಿರಿ ಕಡೆಗೋ ಬೆಂಗಳೂರು ಕಡೆಗೋ ಅಂತ ಯಾರೂ ಹೇಳಲಾರರು. ವಲಸೆಯ ಲೆಕ್ಕದಲ್ಲೂ ಅವಳ ಈ ಓಡಾಟ ಬರಲ್ಲ, ರಾತ್ರಿ ಮನೆಗೆ ವಾಪಸ್ ಬರ್ತಾಳಲ್ಲ! ಹಳ್ಳಿ ಬಿಟ್ಟು ಪಟ್ಟಣ ಸೇರಿ ಅಂದಿದ್ದರು ಬಾಬಾಸಾಹೇಬರು. ನಾವು ಹಗಲು ಪಟ್ಟಣ ಸೇರ್ತೀವಿ, ರಾತ್ರಿ ಅದೇ ಕಾಲೋನಿಗೆ ಬಂದು ಮಲಗ್ತೀವಿ. ಇದಕ್ಕೆ ಸರ್ಕಾರದ ಪುಸ್ತಕದಲ್ಲಿ ಸರಿಯಾದ ಪುಟ ಇಲ್ಲ.

ಎಲ್ಲ ದೇಶದಲ್ಲೂ ಹೀಗೇ ಅಂತಲ್ಲ. ಅಮೆರಿಕದ ಸಮೀಕ್ಷೆಯಲ್ಲಿ ಕೆಲಸದ ಜಾಗದ ವಿಳಾಸ ಕೇಳ್ತಾರೆ, ಮನೆಯಿಂದ ಎಷ್ಟು ಗಂಟೆಗೆ ಹೊರಡ್ತೀರಿ, ಎಷ್ಟು ನಿಮಿಷ ಹಿಡಿಯುತ್ತೆ ಅಂತಲೂ ಕೇಳ್ತಾರೆ. ಜೊತೆಗೆ ಕಂಪನಿಗಳು ಕೊಡೋ ಸಂಬಳದ ದಾಖಲೆಯಿಂದ ಬೇರೆ ಒಂದು ಲೆಕ್ಕ ತೆಗೀತಾರೆ. ಅಲ್ಲೂ ಈ ಎರಡು ಒಂದಕ್ಕೊಂದು ಹೊಂದಲ್ಲ. ಒಬ್ಬ ಕೆಲಸ ಮಾಡೋದು ಒಂದು ಊರಲ್ಲಿ, ಕಂಪನಿ ಬರೆದಿರೋದು ಇನ್ನೊಂದು ಊರಿನ ಆಫೀಸಿನ ವಿಳಾಸ ಅಂತ ಆಗ್ತದೆ. ನಮ್ಮ ಪಿಎಫ್‌ನಲ್ಲೂ ಅದೇ ಕಥೆ. ಸೊಸೆ ಗುಡಿಸೋದು ಬೊಮ್ಮಸಂದ್ರದ ಫ್ಯಾಕ್ಟರಿ ನೆಲ, ಪಿಎಫ್ ಇರೋದು ಕಾಂಟ್ರಾಕ್ಟರನ ಹೆಸರಿನ ಕೋಡಿನಲ್ಲಿ. ಆ ಕಾಂಟ್ರಾಕ್ಟರನ ಆಫೀಸು ಇರೋ ಬೀದಿಯನ್ನು ಅವಳು ನೋಡಿರೋದೇ ಇಲ್ಲ. ಪಿಎಫ್ ಕಟ್ಟಿದ್ದರೆ ಇಷ್ಟಾದರೂ ಉಂಟು. ಕಟ್ಟದಿದ್ದರೆ ಈ ಪುಸ್ತಕದಲ್ಲಿ ಅವಳೇ ಇಲ್ಲ.

ಈಗ ಮಾದರಿ ಸಮೀಕ್ಷೆ. ಇವರು ಎಲ್ಲ ಮನೆಗೂ ಬರಲ್ಲ, ಆರಿಸಿದ ಕೆಲವು ಮನೆಗೆ ಬಂದು ಉದ್ದ ಪ್ರಶ್ನೆ ಕೇಳ್ತಾರೆ. 2009-10ರ ಉದ್ಯೋಗ ಸಮೀಕ್ಷೆಯಲ್ಲಿ ಕೆಲಸದ ಜಾಗ ಹಳ್ಳಿಯಲ್ಲಿದೆಯೋ ಪಟ್ಟಣದಲ್ಲಿದೆಯೋ, ಗೊತ್ತಾದ ಜಾಗವೇ ಇಲ್ಲವೋ ಅಂತ ಕೇಳಿದ್ದರು. ಅದನ್ನು ಲೆಕ್ಕ ಹಾಕಿ ನೋಡಿದವರು, ಹಳ್ಳಿಯಲ್ಲಿದ್ದುಕೊಂಡು ಪಟ್ಟಣಕ್ಕೆ ಕೆಲಸಕ್ಕೆ ಹೋಗೋರು ದೇಶದಲ್ಲಿ ಸುಮಾರು 80 ಲಕ್ಷ, ಪಟ್ಟಣದಿಂದ ಹಳ್ಳಿಗೆ ಹೋಗೋರು 43 ಲಕ್ಷದ ಮೇಲೆ ಅಂತ ಬರೆದರು. ಗಣತಿ ಹೇಳದ ಒಂದು ಮಾತನ್ನು, ಅಂದರೆ ಯಾವ ಕಡೆಗೆ ಹೋಗ್ತಾರೆ ಅನ್ನೋದನ್ನ, ಇದು ಹೇಳಿತು. ಆದರೆ ಆ ಲೆಕ್ಕವೂ ಬೇಸಾಯ ಬಿಟ್ಟು ಬೇರೆ ಕೆಲಸ ಮಾಡೋರದ್ದು. ಅತ್ತೆ ಮತ್ತೆ ಹೊರಗೆ.

ಅತ್ತೆ ಒಳಗೆ ಬರೋದು ಒಂದೇ ಕಡೆ, ಸಮಯ ಬಳಕೆ ಸಮೀಕ್ಷೆ ಅಂತ ಇದೆ, ಅದರಲ್ಲಿ. 2019ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ ಮಾಡಿದರು. ಒಂದೊಂದು ಸಲವೂ ದೇಶದಲ್ಲಿ ಸುಮಾರು 1.39 ಲಕ್ಷ ಮನೆ. ಆರು ವರ್ಷ ತುಂಬಿದ ಪ್ರತಿಯೊಬ್ಬರನ್ನೂ ಒಂದು ದಿನ ಬೆಳಗಿನ ನಾಲ್ಕು ಗಂಟೆಯಿಂದ ಮಾರನೇ ದಿನ ಬೆಳಗಿನ ನಾಲ್ಕರವರೆಗೆ ಏನೇನು ಮಾಡಿದಿರಿ ಅಂತ ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ತಾರೆ. ನಾಲ್ಕು ಗಂಟೆಯಿಂದ! ಮೊದಲ ಸಲ ಓದಿದಾಗ ಇದನ್ನು ಮಾಡಿದವರಿಗೆ ನಮ್ಮ ಹೆಂಗಸರ ದಿನ ಯಾವಾಗ ಶುರುವಾಗುತ್ತೆ ಅಂತ ಗೊತ್ತಿದೆ ಅನ್ನಿಸಿತು. ಕೆಲಸಕ್ಕೆ ಹೋಗಿಬರುವ ಹೊತ್ತಿಗೆ ಇದರಲ್ಲಿ ಬೇರೆ ಸಂಖ್ಯೆ ಇದೆ. ಹೊಲದ ಕೆಲಸ, ಕಂಪನಿ ಕೆಲಸ ಅಂತ ಭೇದ ಇಲ್ಲ. ಮನೆಯವರು ಪರಿಶಿಷ್ಟ ಜಾತಿಯೋ ಅಲ್ಲವೋ ಅನ್ನೋದನ್ನೂ ಬರೆದುಕೊಳ್ತಾರೆ, ಆದ್ದರಿಂದ ನಮ್ಮವರ ದಾರಿ ಎಷ್ಟು ಹೊತ್ತು, ಬೇರೆಯವರದು ಎಷ್ಟು ಹೊತ್ತು ಅಂತ ದೇಶದ ಮಟ್ಟದಲ್ಲಿ ಹೋಲಿಸಿ ನೋಡಬಹುದು. ನಮ್ಮಲ್ಲಿ ಎಂ.ಎ. ಓದ್ತಿರೋ ಹುಡುಗ ಹುಡುಗಿಯರಿದ್ದರೆ ದಯವಿಟ್ಟು ಇದನ್ನು ಮಾಡಿ, ಅಂಕಿ ಅಂಶ ಇಲಾಖೆಯವರು ಕಚ್ಚಾ ಮಾಹಿತಿ ಕೊಡ್ತಾರೆ. ಆದರೆ ಒಂದು ಎಚ್ಚರಿಕೆ. ದೇಶಕ್ಕೆಲ್ಲ ಸೇರಿ ಒಂದೂವರೆ ಲಕ್ಷಕ್ಕಿಂತ ಕಡಿಮೆ ಮನೆ ಅಂದಮೇಲೆ ನಮ್ಮ ಒಂದು ತಾಲ್ಲೂಕಿಗೆ ಬಿದ್ದಿರೋದು ಬೆರಳೆಣಿಕೆ. ನಮ್ಮ ಕಾಲೋನಿಗೆ ಬಸ್ಸು ಬೇಕು ಅನ್ನೋಕೆ ಇದನ್ನು ತೋರಿಸಿದರೆ ನಿಲ್ಲಲ್ಲ.

ಟಿಕೆಟ್ಟಿನ ಲೆಕ್ಕಕ್ಕೆ ಬರ್ತೀನಿ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಬಸ್ಸು ಕೊಡೋರು, ನಿಲ್ಲಿಸೋರು ನೋಡೋದು ಇದನ್ನೇ. ಕಿಲೋಮೀಟರಿಗೆ ಎಷ್ಟು ಕಲೆಕ್ಷನ್, ಯಾವ ಸ್ಟೇಜಿನಲ್ಲಿ ಎಷ್ಟು ಜನ ಹತ್ತಿದರು ಅಂತ ಕಂಡಕ್ಟರ್ ಕೈಯ ಮೆಷಿನ್ನೇ ಹೇಳುತ್ತೆ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾಧಾರಣ ಟೌನ್ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಶೂನ್ಯ. ದುಡ್ಡಿಲ್ಲದಿದ್ದರೂ ಟಿಕೆಟ್ ಕೊಡ್ತಾರೆ, ಅದು ಲೆಕ್ಕಕ್ಕೆ. ನಮ್ಮ ಅಕ್ಕಂದಿರು ಕೆಲವರು "ದುಡ್ಡೇ ಇಲ್ಲ, ಚೀಟಿ ಯಾಕೆ" ಅಂತ ತಗೊಳ್ಳದೆ ಕೂರ್ತಾರೆ. ಹಾಗೆ ಮಾಡಬೇಡಿ ಅಕ್ಕ. ಆ ಚೀಟಿಯೇ ನಿಮ್ಮ ಸಾಕ್ಷಿ. ರಾಜ್ಯ ಯೋಜನಾ ಆಯೋಗದವರು ಒಬ್ಬ ಹೆಂಗಸಿಗೆ ತಿಂಗಳಿಗೆ ಸರಾಸರಿ 888 ರೂಪಾಯಿ ಉಳಿಯುತ್ತೆ ಅಂತ ಲೆಕ್ಕ ಕೊಟ್ಟಿದ್ದಾರೆ. ಅಂಥ ಲೆಕ್ಕದ ಬಲದಿಂದಲೇ ಯೋಜನೆ ನಿಂತಿದೆ.

ಆದರೆ ಟಿಕೆಟ್ ಲೆಕ್ಕದ ಕಣ್ಣು ಬಸ್ಸಿನ ಒಳಗಿದೆ. ಹತ್ತಿದವರನ್ನು ನೋಡುತ್ತೆ, ರಸ್ತೆಯಲ್ಲಿ ಕೈ ಎತ್ತಿ ನಿಂತು ಉಳಿದುಹೋದವರನ್ನು ನೋಡಲ್ಲ. ಐದು ಗಂಟೆಗೆ ಬಸ್ಸೇ ಇಲ್ಲದಿದ್ದರೆ ಐದು ಗಂಟೆಯ ಟಿಕೆಟ್ಟೂ ಇಲ್ಲ. ಆಮೇಲೆ "ಆ ಹೊತ್ತಿಗೆ ನಿಮ್ಮ ಕಡೆಯಿಂದ ಜನವೇ ಇಲ್ಲ ಅಂತ ದಾಖಲೆ ಹೇಳುತ್ತೆ" ಅಂತಾರೆ. ಇಲ್ಲದ ಬಸ್ಸಿಗೆ ಜನ ಹತ್ತಿಲ್ಲ ಅನ್ನೋದು ಎಂಥ ದಾಖಲೆ? ಇನ್ನು ಗಂಡ ಕಂಪನಿ ಬಸ್ಸಲ್ಲಿ ಹೋಗ್ತಾನೆ, ಅದು ಸರ್ಕಾರಿ ಟಿಕೆಟ್ಟಿಗೆ ಬರಲ್ಲ. ಅತ್ತೆ ಟಾಟಾ ಏಸ್‌ನಲ್ಲಿ ಹೋಗ್ತಾಳೆ, ಅದೂ ಬರಲ್ಲ. ಬಸ್ಸು ಊರೊಳಗೆ ನಿಂತು ಕಾಲೋನಿಗೆ ಬಾರದಿದ್ದರೆ, ಅಲ್ಲಿಗೆ ನಡೆದುಹೋಗಿ ಹತ್ತಿದ ನಮ್ಮವರ ಟಿಕೆಟ್ಟು ಊರ ಹೆಸರಿಗೆ ಬೀಳುತ್ತೆ.

ಗಡಿ ದಾಟಿದ ಮೇಲೆ ಸೊಸೆಯ ಲೆಕ್ಕ ಇನ್ನೂ ಒಂದು ತಿರುವು ತಗೊಳ್ಳುತ್ತೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಆದರೆ ಅದು ಕರ್ನಾಟಕದ ವಿಳಾಸ ಇರೋ ಹೆಂಗಸರಿಗೆ. ನಮ್ಮವಳ ಆಧಾರ್ ತಮಿಳುನಾಡಿನದು. ಅತ್ತಿಬೆಲೆಯಲ್ಲಿ ಕಂಡಕ್ಟರಿಗೆ ಅಚ್ಚ ಕನ್ನಡದಲ್ಲಿ ಬೊಮ್ಮಸಂದ್ರ ಅಂತ ಕೇಳಿ, ದುಡ್ಡು ಕೊಟ್ಟು ಟಿಕೆಟ್ ತಗೊಳ್ತಾಳೆ. ಅಲ್ಲಿನ ಶಕ್ತಿ ಲೆಕ್ಕದಲ್ಲಿ ಅವಳಿಲ್ಲ. ಇಲ್ಲಿನ ಶೂನ್ಯ ಟಿಕೆಟ್ಟಿನಲ್ಲಿ ಹೊಸೂರಿಗೇ ಅವಳ ದಾರಿ ಮುಗಿದಿದೆ. ಒಬ್ಬಳೇ ಹೆಂಗಸಿನ ಒಂದೇ ದಾರಿ ಎರಡು ತುಂಡಾಗಿ ಎರಡು ರಾಜ್ಯದ ಕಂಪ್ಯೂಟರಿನಲ್ಲಿ ಬಿದ್ದಿದೆ, ಎರಡನ್ನೂ ಸೇರಿಸಿ ಹೊಲಿಯೋರು ಯಾರೂ ಇಲ್ಲ. ಬೊಮ್ಮಸಂದ್ರದವರೆಗೆ ಮೆಟ್ರೋ 2025ರ ಆಗಸ್ಟಿನಲ್ಲಿ ಬಂತು. ಅದನ್ನು ಹೊಸೂರಿಗೆ ಎಳೀಬೇಕು ಅನ್ನೋ ಮಾತು ನಡೀತಾನೇ ಇದೆ. ಬಂದರೆ ಒಳ್ಳೇದೇ. ಆದರೆ ಅಂಥ ಯೋಜನೆಗೆ ಜನ ಎಣಿಸೋವಾಗ ಹೆದ್ದಾರಿ ಮೇಲೆ ಹೋಗೋ ಕಾರು ಬೈಕು ಎಣಿಸ್ತಾರೋ, ಹೊಸೂರು ಬಸ್‌ಸ್ಟ್ಯಾಂಡಿಗೆ ಬರೋಕೆ ಮುಂಚೆಯೇ ಒಂದೂವರೆ ಗಂಟೆ ಕಳೆದಿರೋ ಸೊಸೆಯನ್ನೂ ಎಣಿಸ್ತಾರೋ ಅಂತ ನಾವು ಕೇಳಬೇಕು.

ಉಳಿದ ಪುಸ್ತಕಗಳನ್ನು ಬೇಗ ಹೇಳಿ ಮುಗಿಸ್ತೀನಿ. ಫಾಸ್ಟ್ಯಾಗ್ ಗಾಡಿ ಎಣಿಸುತ್ತೆ, ಜನರನ್ನಲ್ಲ. ಒಬ್ಬನೇ ಕೂತ ಕಾರೂ ಒಂದು, ಇಪ್ಪತ್ತು ಜನ ತುಂಬಿದ ವ್ಯಾನೂ ಒಂದು. ಬೈಕಿಗೆ ಫಾಸ್ಟ್ಯಾಗೇ ಇಲ್ಲ. ರೈಲ್ವೆಯವರು ಒಂದು ತಿಂಗಳ ಪಾಸಿಗೆ 50 ಸಲ ಪ್ರಯಾಣ ಅಂತ ಹಿಡೀತಾರೆ, ನೀವು ಹದಿನೈದು ದಿನ ಕೆಲಸ ಇಲ್ಲದೆ ಮನೆಯಲ್ಲಿ ಕೂತಿದ್ದರೂ ಐವತ್ತೇ. ಮೊಬೈಲ್ ಟವರಿನ ಲೆಕ್ಕ ಫೋನು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳುತ್ತೆ. ಗಡಿ ದಾಟಿದ್ದೂ ಅದಕ್ಕೆ ಗೊತ್ತು, ಹೊತ್ತೂ ಗೊತ್ತು. ಆದರೆ ಮನೆಗೊಂದೇ ಫೋನಿದ್ದು ಅದು ಮಗುವಿನ ಪಾಠಕ್ಕೋ ಗಂಡನ ಜೇಬಿಗೋ ಹೋದರೆ ಹೆಂಗಸು ಮನೆಯಲ್ಲೇ ಇದ್ದಾಳೆ ಅಂತ ಲೆಕ್ಕ.

ಹಾಗಾದರೆ ಇವೆಲ್ಲ ಸುಳ್ಳೇ ಅಂತ ನೀವು ಕೇಳಬಹುದು. ಸುಳ್ಳಲ್ಲ. ಗಣತಿಯನ್ನು ಬಿಟ್ಟರೆ ಪ್ರತಿ ಮನೆಯ ಲೆಕ್ಕ ಬೇರೆ ಎಲ್ಲೂ ಇಲ್ಲ. ನಡೆದು ಕೆಲಸಕ್ಕೆ ಹೋಗೋರು "ಇತರ"ರಲ್ಲೇ ನಾಲ್ಕೂವರೆ ಕೋಟಿ, ಬೈಕಿನವರು ಎರಡೂವರೆ ಕೋಟಿ, ಕಾರಿನವರು ಇವರ ಮುಂದೆ ಏನೂ ಅಲ್ಲ ಅಂತ ಹೇಳಿದ್ದೂ ಅದೇ 2011ರ ಗಣತಿ. ರಸ್ತೆ ಯಾರಿಗೆ ಅಗಲ ಮಾಡ್ತೀರಿ, ನಡೆಯೋರಿಗೆ ದೀಪ ಎಲ್ಲಿ ಅಂತ ಕೇಳೋಕೆ ಅದಕ್ಕಿಂತ ಒಳ್ಳೇ ಆಧಾರ ಇಲ್ಲ. ಹಳೇ ಉದ್ಯೋಗ ಖಾತ್ರಿ ಕಾಯ್ದೆಯನ್ನೇ ನೋಡಿ, ಐದು ಕಿಲೋಮೀಟರ್ ಒಳಗೆ ಕೆಲಸ ಕೊಡಬೇಕು, ಅದಕ್ಕಿಂತ ದೂರ ಆದರೆ ನೂರಕ್ಕೆ ಹತ್ತು ಹೆಚ್ಚು ಕೂಲಿ ಕೊಡಬೇಕು ಅಂತ ಬರೆದಿದ್ದರು. ದಾರಿಗೆ ಬೆಲೆ ಇದೆ ಅಂತ ಕಾನೂನು ಒಮ್ಮೆ ಒಪ್ಪಿದೆ. ಆ ಬೆಲೆ ಕೇಳೋಕೆ ದಾರಿ ಎಷ್ಟು ಅಂತ ನಮ್ಮ ಕೈಯಲ್ಲಿ ಬರೆದಿರಬೇಕು.

ಇನ್ನು ಗಣತಿಯ ಮಾತು. ಮುಂದಿನ ಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಈ ಸಲ ಎಲ್ಲರ ಜಾತಿಯನ್ನೂ ಬರೀತಾರೆ ಅಂತ ಊರೆಲ್ಲ ಗದ್ದಲ. ನಮ್ಮದನ್ನು ಮೊದಲಿಂದಲೂ ಬರೀತಾನೇ ಇದ್ದಾರೆ, ಅದು ನಮಗೆ ಹೊಸದಲ್ಲ. ನಾನು ಹೇಳೋದು ಕೆಲಸದ ಕಾಲಂ. ಗಣತಿದಾರರು ತಮಿಳಲ್ಲಿ ಏನು ಕೆಲಸ ಅಂತ ಕೇಳ್ತಾರೆ. ನಮ್ಮ ಹಿರಿಯರು "ಕೂಲಿ" ಅಂತ ಒಂದೇ ಮಾತು ಹೇಳಿ ಮುಗಿಸ್ತಾರೆ. ಗಾರೆ ಕೆಲಸವೂ ಕೂಲಿ, ಲಾರಿಗೆ ಮೂಟೆ ಹೊರೋದೂ ಕೂಲಿ, ಕಳೆ ಕೀಳೋದೂ ಕೂಲಿ. ಹಳ್ಳಿಯ ಕಾಲೋನಿಯಲ್ಲಿ ಕೂತು "ಕೂಲಿ" ಅಂದರೆ ಬರೆಯೋರ ಪೆನ್ನು ಬೇಸಾಯದ ಕೂಲಿ ಕಡೆಗೇ ಹೋಗೋದು ಸಹಜ. ಅಲ್ಲಿಗೆ ಹೋಯಿತೋ, 2011ರ ರೀತಿಯಲ್ಲೇ ಕೇಳಿದರೆ ಪ್ರಯಾಣದ ಪ್ರಶ್ನೆಯೇ ಹಾರಿಹೋಗುತ್ತೆ. ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ಓದಿದವರು ಪಕ್ಕದಲ್ಲಿ ಕೂತು, ವರ್ಷದಲ್ಲಿ ಹೆಚ್ಚು ದಿನ ಮಾಡೋದು ಯಾವ ಕೆಲಸ, ಅದು ಗಾರೆಯೋ ಫ್ಯಾಕ್ಟರಿಯೋ ಹೊಲವೋ ಅಂತ ಬಿಡಿಸಿ ಹೇಳಿ. ಹೊಲದ ಕೆಲಸವೇ ಆಗಿದ್ದರೆ ಹೊಲ ಅಂತಲೇ ಹೇಳಿ, ಲೆಕ್ಕಕ್ಕೋಸ್ಕರ ಸುಳ್ಳು ಬೇಡ.

ಅರ್ಜಿಯ ಖಾಲಿ ಜಾಗಕ್ಕೆ ಬರೋಣ. ನನ್ನ ಅಭಿಪ್ರಾಯ, ಅಲ್ಲಿ ನಾವೇ ಎಣಿಸಿದ ಸಂಖ್ಯೆ ಹಾಕೋಣ. ಎಣಿಸಿದ್ದು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಂತು ಅಂತ ಕೆಳಗೆ ಬರೆಯೋಣ. ಮನೆಮನೆಗೆ ಹೋಗಿ ಎಷ್ಟು ಗಂಟೆಗೆ ಹೊರಡ್ತೀರಿ, ಮೊದಲು ಎಷ್ಟು ನಡೆಯಬೇಕು, ಆಮೇಲೆ ಏನೇನು ಹತ್ತುತ್ತೀರಿ, ಎಲ್ಲಿ ಇಳೀತೀರಿ, ದಿನಕ್ಕೆ ದಾರಿಗೇ ಎಷ್ಟು ಖರ್ಚು, ವಾಪಸ್ ಬರೋದು ಎಷ್ಟೊತ್ತಿಗೆ ಅಂತ ಕೇಳೋಣ. ಹೊಲದ ಕೆಲಸದವರನ್ನು ಬಿಡಬಾರದು. ಸುಗ್ಗಿಯ ವಾರದಲ್ಲಿ ಎಣಿಸಿದರೆ ಒಂದು ಉತ್ತರ, ಕೆಲಸ ಇಲ್ಲದ ವಾರದಲ್ಲಿ ಎಣಿಸಿದರೆ ಇನ್ನೊಂದು, ಆದ್ದರಿಂದ ಎರಡು ಸಲ. ಹೆಸರು, ಫೋನ್ ನಂಬರ್ ಬೇಡ. ಆ ಪಟ್ಟಿ ಮೇಸ್ತ್ರಿಗಳ ಕೈಗೋ ಓಟಿನವರ ಕೈಗೋ ಸಿಕ್ಕರೆ ಕಷ್ಟ. ಮನೆಗೆ ಒಂದು ನಂಬರ್ ಹಾಕಿದರೆ ಸಾಕು.

ಜೊತೆಗೆ ಈಗ ಇರೋ ಮೊದಲ ಬಸ್ಸಿನ ಟಿಕೆಟ್ ಲೆಕ್ಕ, ಸ್ಟೇಜ್ ಸ್ಟೇಜಿನದು, ಶೂನ್ಯ ಟಿಕೆಟ್ ಬೇರೆ, ದುಡ್ಡಿನದು ಬೇರೆ, ಮಾಹಿತಿ ಹಕ್ಕಿನಲ್ಲಿ ಕೇಳೋಣ. ಹತ್ತು ರೂಪಾಯಿ, ಮೂವತ್ತು ದಿನ. ನಮ್ಮ ಎಣಿಕೆ, ಅವರ ಟಿಕೆಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವೆ ಒಂದು ಅಂತರ ಕಾಣುತ್ತೆ. ಆ ಅಂತರದಲ್ಲಿ ನಡೆಯೋರು, ಟಾಟಾ ಏಸ್‌ನಲ್ಲಿ ನಿಂತು ಹೋಗೋರು, ಬಸ್ಸಿಲ್ಲ ಅಂತ ಕೆಲಸಕ್ಕೇ ಹೋಗದೆ ಉಳಿದ ಹೆಣ್ಣುಮಕ್ಕಳು ಇದ್ದಾರೆ. ಅರ್ಜಿಯಲ್ಲಿ ಬರೆಯಬೇಕಾದ್ದು ಆ ಅಂತರವನ್ನ. ಕೊನೆಯ ಗುಂಪಿನವರನ್ನಂತೂ ಮನೆಮನೆಗೆ ಹೋದರೆ ಮಾತ್ರ ಹಿಡಿಯೋಕೆ ಸಾಧ್ಯ, ಯಾಕೆಂದರೆ ಅವರು ಯಾವ ಸ್ಟಾಪಿನಲ್ಲೂ ನಿಂತಿರಲ್ಲ.

ಮುಂದಿನ ಮಂಗಳವಾರ ಬೆಳಗ್ಗೆ ನಾಲ್ಕೂವರೆಯಿಂದ ಎಂಟರವರೆಗೆ ರಸ್ತೆ ಸ್ಟಾಪಿನಲ್ಲಿ ನಿಲ್ಲೋಕೆ ನಾಲ್ಕು ಜನ ಬೇಕು, ಮನೆಮನೆಗೆ ಹೋಗೋಕೆ ಆರು ಜನ. ಆರರಲ್ಲಿ ಮೂವರು ಹುಡುಗಿಯರು ಇರಲೇಬೇಕು, ಅತ್ತೆ ಸೊಸೆಯರು ಅವರ ಹತ್ತಿರ ಮಾತಾಡ್ತಾರೆ. ನೋಟ್‌ಬುಕ್ಕು, ಟಾರ್ಚು ತಂದಿದ್ದೀವಿ, ಕಾರ್ಯದರ್ಶಿಗಳ ಹತ್ತಿರ ಇದೆ. ಊಟಕ್ಕೆ ಕೂರೋ ಮುಂಚೆ ಹೆಸರು ಕೊಡಿ. ಜೈ ಭೀಮ್.